ಸಂದಿನೊಳಗಣ ಸತ್ಯ

ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ನೆರೆದ ಶಿವಶರಣರ ನಾಮಾವಳಿಯನ್ನು ಗಮನವಿಟ್ಟು ಓದುವವರಿಗೆ ಒಂದು ವಿಶೇಷವು ಗೋಚರವಾಗದೆ ಇರದು. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೋಳಿಗೆಯ ಮಾರಯ್ಯ, ಆಯ್ದಕ್ಕಿಯ ಲಕ್ಕಮ್ಮ—ಇವರಾರಿಗೂ ಬಿರುದಿಲ್ಲ. ಹೆಸರಿನ ಮುಂದೆ ಇರುವುದು ಅವರವರ ಕೈಕೆಲಸ. ಅವರ ಸಾಲಿನಲ್ಲಿಯೇ ಬಾಚಿಕಾಯಕದ ಬಸವಣ್ಣನೆಂಬ ಶರಣನೊಬ್ಬನಿದ್ದಾನೆ. ಬಾಚಿಯೆಂದರೆ ಬಡಗಿಯು ಮರವನ್ನು ಕೆತ್ತಿ ಸಮಮಾಡುವ ಹತಾರ. ಆ ಹತಾರವೇ ಅವನ ಹೆಸರಾಗಿ ನಿಂತಿದೆ. ಅವನ ಪುಣ್ಯಸ್ತ್ರೀ ಕಾಳವ್ವೆಯೂ ವಚನಕಾರ್ತಿ. ಹೀಗೆ ಮರಗೆಲಸದ ಮನೆಯೊಂದು ಅನುಭಾವದ ಮನೆಯೂ ಆಗಿತ್ತೆಂಬುದನ್ನು ಇತಿಹಾಸವು ಎರಡು ಹೆಸರುಗಳಲ್ಲಿ ಉಳಿಸಿಕೊಂಡಿದೆ.

ಈ ಸಂಗತಿಯ ಬೆಲೆಯನ್ನು ಅರಿಯಬೇಕಾದರೆ ಇನ್ನೊಂದು ದೇಶದ ಕಡೆಗೆ ಕ್ಷಣಕಾಲ ತಿರುಗಿ ನೋಡಬೇಕು. ಗ್ರೀಸಿನ ತತ್ತ್ವಜ್ಞಾನಿಯಾದ ಪ್ಲೇಟೋ ತನ್ನ ರಾಜ್ಯತತ್ತ್ವದ ಗ್ರಂಥದ ಹತ್ತನೆಯ ಭಾಗದಲ್ಲಿ ಬಡಗಿಯನ್ನೂ ಅವನು ಮಾಡಿದ ಮಂಚವನ್ನೂ ಪ್ರಸ್ತಾಪಿಸುತ್ತಾನೆ. ಮಂಚದ ಮೂಲರೂಪವು ಒಂದು, ಬಡಗಿಯು ಮಾಡುವ ಮಂಚವು ಎರಡನೆಯದು, ಚಿತ್ರಕಾರನು ಬರೆಯುವ ಮಂಚವು ಮೂರನೆಯದು ಎಂದು ಅವನ ವಾದ. ವಾದವು ಗಂಭೀರವಾದುದೇ ಸರಿ. ಆದರೆ ಆ ಸಂವಾದದಲ್ಲಿ ಬಡಗಿಯು ಉದಾಹರಣೆ ಮಾತ್ರ. ಅವನು ಬಾಯಿ ತೆರೆಯುವುದಿಲ್ಲ. ಮಂಚವನ್ನು ಕುರಿತು ಮಾತನಾಡುವವರೆಲ್ಲರೂ ಮಂಚವನ್ನು ಎಂದೂ ಮಾಡದವರು. ಕಲ್ಯಾಣದಲ್ಲಿ ಈ ಕ್ರಮವು ತಲೆಕೆಳಗಾಯಿತು. ಕೊಡತಿಯನ್ನು ಹಿಡಿದ ಕೈಯವನೇ ಗೋಷ್ಠಿಯಲ್ಲಿ ಕುಳಿತು ತನ್ನ ಅರಿವನ್ನು ನುಡಿದನು. ಆದುದರಿಂದ ಕಾಯಕದ ವಿಚಾರವಾಗಿ ನೀತಿಯ ಪ್ರಶ್ನೆಯೊಂದನ್ನು ಎತ್ತಿಕೊಳ್ಳುವವರು ಅದನ್ನು ಕಾಯಕದ ಒಳಗಿನಿಂದಲೇ, ಹತಾರದ ಮೊನೆಯಿಂದಲೇ ಎತ್ತಿಕೊಳ್ಳುವುದು ಉಚಿತ. ಪ್ರಕೃತ ಲೇಖನದ ಪ್ರಶ್ನೆಯು ಬಡಗಿಯ ಅಂಗಳದಲ್ಲಿ, ಒಂದು ಬಾಗಿಲಿನ ಕದವನ್ನು ಕೂಡಿಸುವ ಹೊತ್ತಿನಲ್ಲಿ ಹುಟ್ಟತಕ್ಕದ್ದು.

ಕದವೆಂಬುದು ನೋಡುವವರಿಗೆ ಒಂದೇ ವಸ್ತು. ಮಾಡುವವನಿಗೆ ಅದು ಹಲವು ಮರಗಳ ಕೂಟ. ಎರಡು ನಿಲುಪಟ್ಟಿಗಳು, ಅವನ್ನು ಹಿಡಿದಿರುವ ಮೂರು ಅಡ್ಡಪಟ್ಟಿಗಳು, ನಡುವೆ ತುಂಬುವ ಹಲಗೆಗಳು. ಅಡ್ಡಪಟ್ಟಿಯ ತುದಿಯಲ್ಲಿ ಇಕ್ಕೆಲದ ಮರವನ್ನು ತೆಗೆದು ನಡುವಣ ಭಾಗವನ್ನು ನಾಲಗೆಯಂತೆ ಉಳಿಸುವರು. ನಿಲುಪಟ್ಟಿಯಲ್ಲಿ ಆ ನಾಲಗೆಯ ಅಳತೆಗೆ ಚೌಕದ ತೂತನ್ನು ಉಳಿಯಿಂದ ಕಡಿಯುವರು. ನಾಲಗೆಯು ತೂತನ್ನು ಹೊಕ್ಕಾಗ ಅದರ ಬುಡದಲ್ಲಿರುವ ಹೆಗಲು ನಿಲುಪಟ್ಟಿಯ ಮೈಗೆ ಒತ್ತಿ ನಿಲ್ಲುತ್ತದೆ. ಒಂದೂವರೆ ಅಂಗುಲ ದಪ್ಪದ ಮರವಾದರೆ ನಾಲಗೆಯು ಸುಮಾರು ಅರ್ಧ ಅಂಗುಲವಿರಬೇಕು. ಮೂರರಲ್ಲಿ ಒಂದು ಪಾಲು ಎಂಬುದು ಹಳೆಯ ಲೆಕ್ಕ. ನಾಲಗೆಯನ್ನು ಇನ್ನೂ ದಪ್ಪಮಾಡಿದರೆ ತೂತಿನ ಗೋಡೆಯು ತೆಳುವಾಗಿ ಸೀಳುವುದು. ತೆಳುಮಾಡಿದರೆ ನಾಲಗೆಯೇ ಮುರಿಯುವುದು. ಎರಡು ಮರಗಳೂ ತಮ್ಮ ತಮ್ಮ ಬಲದಲ್ಲಿ ಸ್ವಲ್ಪವನ್ನು ಬಿಟ್ಟುಕೊಟ್ಟಲ್ಲದೆ ಕೂಟದ ಬಲವು ಹುಟ್ಟದು. ಎಷ್ಟು ಬಿಡಬೇಕು ಎಂಬುದನ್ನು ಅರಿಯುವುದೇ ಬಡಗಿಯ ವಿವೇಕ.

ಕೆಲಸದ ಕ್ರಮವು ಹೀಗಿದೆ. ಮರವು ಮೊದಲು ಒಣಗಿರಬೇಕು. ಹಸಿಯ ಮರವು ಒಣಗುತ್ತಾ ಅಗಲದಲ್ಲಿ ಕುಗ್ಗುತ್ತದೆ. ಉದ್ದದಲ್ಲಿ ಕುಗ್ಗುವುದು ಲೆಕ್ಕಕ್ಕೆ ಬಾರದಷ್ಟು. ಹಸಿಯ ನಾಲಗೆಯನ್ನು ಎಷ್ಟು ಬಿಗಿಯಾಗಿ ಕೂಡಿಸಿದರೂ ಬೇಸಗೆ ಬಂದಾಗ ಅದು ಸಡಿಲವಾಗುವುದು ನಿಶ್ಚಯ. ಒಣಗಿದ ಮರದ ಒಂದು ಮುಖವನ್ನು ಕೀಸುಳಿಯಿಂದ ಸಮಮಾಡಿ, ಮೂಲೆಮಟ್ಟವಿಟ್ಟು ಪರೀಕ್ಷಿಸಿ, ಅದಕ್ಕೆ ಗುರುತು ಹಾಕುವರು. ಮುಂದಿನ ಎಲ್ಲ ಅಳತೆಗಳನ್ನೂ ಆ ಒಂದು ಮುಖದಿಂದಲೇ ತೆಗೆಯಬೇಕು. ಒಮ್ಮೆ ಈ ಮುಖದಿಂದ, ಒಮ್ಮೆ ಆ ಮುಖದಿಂದ ಅಳೆದರೆ ಎರಡೂ ಅಳತೆ ಸರಿಯಾಗಿದ್ದು ಕೂಟವು ಮಾತ್ರ ತಪ್ಪಾಗುವುದು. ಆಮೇಲೆ ಗೀರು. ಸೀಸದ ಕಡ್ಡಿಯ ಗೀರಿಗೆ ಅಗಲವುಂಟು. ಗರಗಸವು ಆ ಅಗಲದ ಯಾವ ಅಂಚಿನಲ್ಲಿ ಹೋಗಬೇಕೆಂಬ ಸಂಶಯಕ್ಕೆ ಎಡೆಯುಂಟು. ಚೂರಿಯ ಮೊನೆಯಿಂದ ಎಳೆದ ಗೀರಿಗೆ ಅಗಲವೇ ಇಲ್ಲ. ಅದು ಮರದ ಎಳೆಗಳನ್ನು ಕತ್ತರಿಸಿ, ಉಳಿಯ ಬಾಯಿಗೆ ಕೂಡ್ರಲು ಸ್ಥಳ ಮಾಡಿಕೊಡುತ್ತದೆ. ಗರಗಸವು ಗೀರಿನ ಮೇಲೆ ಹೋಗದೆ, ಬಿಸುಡಬೇಕಾದ ಮರದ ಕಡೆಯಲ್ಲಿ ಗೀರನ್ನು ಉಳಿಸಿಕೊಂಡು ಹೋಗಬೇಕು. ತೂತನ್ನು ಕಡಿಯುವಾಗ ಒಂದು ಮುಖದಿಂದ ಅರ್ಧ, ಮತ್ತೊಂದು ಮುಖದಿಂದ ಅರ್ಧ ಕಡಿದು ನಡುವೆ ಕೂಡಿಸಬೇಕು. ಒಂದೇ ಕಡೆಯಿಂದ ಪಾರುಮಾಡಿದರೆ ಹೊರಬೀಳುವ ಕಡೆಯಲ್ಲಿ ಮರವು ಸಿಡಿದು ಹೋಗುತ್ತದೆ. ಇಷ್ಟಕ್ಕೂ ಮೊದಲು ಸಾಣೆ. ಮೊಂಡ ಉಳಿಯು ಮರವನ್ನು ಕತ್ತರಿಸದೆ ಜಜ್ಜುತ್ತದೆ. ಜಜ್ಜಿದ ಮರವು ಮೇಲೆ ನುಣುಪಾಗಿ ಕಂಡರೂ ಒಳಗೆ ಹಿಡಿತವಿಲ್ಲದ್ದು.

ಹದವಾಗಿ ಮಾಡಿದ ನಾಲಗೆಯು ತೂತಿನೊಳಗೆ ಕೈಯ ಒತ್ತಿಗೆ ಸ್ವಲ್ಪ ಹೊಕ್ಕು, ಕೊಡತಿಯ ಹಗುರವಾದ ಪೆಟ್ಟಿಗೆ ಪೂರ್ತಿ ಹೋಗಬೇಕು. ಬಲವಂತದಿಂದ ಹೊಡೆದು ಸೇರಿಸಬೇಕಾದರೆ ನಿಲುಪಟ್ಟಿಯು ಸೀಳುವ ಭಯವಿದೆ. ತಾನಾಗಿ ಜಾರಿ ಹೋಗುವಂತಿದ್ದರೆ ಅದು ಕೂಟವೇ ಅಲ್ಲ. ಹಳೆಯ ಬಡಗಿಗಳು ಇದರ ಮೇಲೆ ಮರದ ಮೊಳೆಯನ್ನೂ ಹೊಡೆಯುತ್ತಿದ್ದರು. ಆ ಮೊಳೆಯ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ನಿಲುಪಟ್ಟಿಯ ರಂಧ್ರಕ್ಕೂ ನಾಲಗೆಯ ರಂಧ್ರಕ್ಕೂ ನೇರ ಸರಿಹೊಂದಬಾರದು. ನಾಲಗೆಯದು ಹೆಗಲಿನ ಕಡೆಗೆ ಅಂಗುಲದ ಹದಿನಾರನೆಯ ಒಂದು ಭಾಗದಷ್ಟು ಸರಿದಿರಬೇಕು. ಮೊಳೆಯು ಒಳಹೋಗುತ್ತಾ ನಾಲಗೆಯನ್ನು ತನ್ನೆಡೆಗೆ ಎಳೆದುಕೊಂಡು ಹೆಗಲನ್ನು ಮರಕ್ಕೆ ಒತ್ತಿ ಹಿಡಿಯುತ್ತದೆ. ಅಂಟಿಲ್ಲದೆ, ಕಬ್ಬಿಣವಿಲ್ಲದೆ, ಆ ಕೂಟವು ತಲೆಮಾರುಗಳ ಕಾಲ ನಿಲ್ಲುವುದು. ಶ್ರೀರಂಗಪಟ್ಟಣದಲ್ಲಿ 1784ರಲ್ಲಿ ಕಟ್ಟಿದ ದರಿಯಾ ದೌಲತ್ತಿನ ತೇಗದ ಕಂಬತೊಲೆಗಳ ಕೆಳಗೆ ಇಂದಿಗೂ ಜನರು ಓಡಾಡುತ್ತಾರೆ. ಅವರ ಕಣ್ಣು ಗೋಡೆಯ ಚಿತ್ರಗಳ ಮೇಲೆ ಇರುವುದೇ ಹೊರತು ಕಂಬವು ತೊಲೆಯನ್ನು ಹಿಡಿದಿರುವ ಸಂದಿನ ಮೇಲೆ ಅಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಸಂದು ಒಳ್ಳೆಯದಾದಷ್ಟೂ ಕಾಣಿಸದು.

ಕನ್ನಡದ ಈ ಸಂದು ಎಂಬ ಮಾತೇ ವಿಚಾರಕ್ಕೆ ಗ್ರಾಸವಾಗತಕ್ಕದ್ದು. ಎರಡು ಕೂಡುವ ಸ್ಥಳಕ್ಕೂ ಸಂದು ಎನ್ನುವರು. ಎರಡು ಕೂಡದೆ ಉಳಿದ ಬಿರುಕಿಗೂ ಸಂದು ಎನ್ನುವರು. ಕೂಟಕ್ಕೂ ಕೊರತೆಗೂ ಒಂದೇ ಹೆಸರು. ಯಾವುದು ಯಾವುದೆಂಬುದನ್ನು ನಿರ್ಣಯಿಸುವುದು ಬಡಗಿಯ ಕೈ.

ಈಗ ಪ್ರಶ್ನೆಯನ್ನು ಇಡಬಹುದು. ಒಬ್ಬ ಬಡಗಿಯು ಕದದ ಕೆಲಸವನ್ನು ಬಹುಪಾಲು ಮುಗಿಸಿದ್ದಾನೆ ಎಂದು ಭಾವಿಸಬೇಕು. ನಡುವಣ ಅಡ್ಡಪಟ್ಟಿಯ ಹೆಗಲನ್ನು ಕೊಯ್ಯುವಾಗ ಸಂಜೆಯ ಮಬ್ಬಿನಲ್ಲಿ ಗರಗಸವು ಗೀರನ್ನು ದಾಟಿತು. ಕೂಡಿಸಿ ನೋಡಿದಾಗ ಮುಂಭಾಗದ ಹೆಗಲು ಒತ್ತಿ ನಿಂತಿದೆ. ಹಿಂಭಾಗದಲ್ಲಿ ಒಂದು ದಪ್ಪ ನೂಲು ಹೋಗುವಷ್ಟು ಬಿರುಕು. ಅವನ ಮುಂದೆ ಎರಡು ದಾರಿಗಳಿವೆ. ಮರದ ಹೊಟ್ಟನ್ನು ಅಂಟಿನಲ್ಲಿ ಕಲಸಿ ಬಿರುಕಿಗೆ ಮೆತ್ತಿ, ಒಣಗಿದ ಮೇಲೆ ಉಜ್ಜಿ, ಬಣ್ಣ ಬಳಿದರೆ ಕಾಲು ಗಂಟೆಯಲ್ಲಿ ಮುಗಿಯುವುದು. ಯಾರ ಕಣ್ಣಿಗೂ ಬೀಳದು. ಇಲ್ಲವಾದರೆ ಆ ಹೆಗಲನ್ನು ಸುತ್ತಲೂ ಹಿಂದಕ್ಕೆ ಸರಿಸಿ ಕೊಯ್ಯಬೇಕು. ಒಂದು ಪಟ್ಟಿಯು ಗಿಡ್ಡವಾದರೆ ಉಳಿದ ಎರಡನ್ನೂ ಅಷ್ಟೇ ಗಿಡ್ಡಮಾಡಬೇಕು. ಹಲಗೆಗಳ ಅಂಚನ್ನೂ ಕೀಸಬೇಕು. ಕದದ ಅಗಲವು ಸ್ವಲ್ಪ ಕಡಿಮೆಯಾಗುವುದು. ಒಂದು ದಿನದ ದುಡಿಮೆ ಹೋಗುವುದು. ಮನೆಯವರು ಕೊಡುವ ಹಣವು ಎರಡು ದಾರಿಯಲ್ಲಿಯೂ ಒಂದೇ. ಬಡಗಿಯು ಮೊದಲನೆಯ ದಾರಿಯನ್ನು ಹಿಡಿದರೆ ಅವನು ಮಾಡಿದ ತಪ್ಪು ಯಾವುದು? ಯಾರಿಗೆ ಮಾಡಿದುದು?

ಲೋಕದಲ್ಲಿ ಕೂಡಲೇ ಬರುವ ಉತ್ತರವು ಫಲವನ್ನು ನೋಡಿ ಹೇಳುವ ಉತ್ತರ. ಯಾರಿಗೂ ಹಾನಿಯಾಗದಿದ್ದರೆ ತಪ್ಪಿಲ್ಲ ಎಂಬುದು ಅದು. ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಆದರೆ ಮರವು ಇದಕ್ಕೆ ತನ್ನದೇ ಆದ ಪ್ರತ್ಯುತ್ತರವನ್ನು ಕೊಡುತ್ತದೆ. ಕದವು ಒಂದು ಅಂಚಿನ ಆಧಾರದಿಂದ ಮಾತ್ರ ತೂಗುವ ವಸ್ತು. ಅದರ ಭಾರವೆಲ್ಲ ಆಚೆಯ ಅಂಚನ್ನು ಕೆಳಕ್ಕೆ ಜಗ್ಗುತ್ತಿರುತ್ತದೆ. ಆ ಜಗ್ಗಾಟವನ್ನು ತಡೆಯುವುದು ನಾಲಗೆಯೊಂದೇ ಅಲ್ಲ, ಹೆಗಲಿನ ಒತ್ತೂ ಹೌದು. ಹೊಟ್ಟಿನ ಮೆತ್ತಿಗೆಗೆ ಒತ್ತನ್ನು ತಾಳುವ ಶಕ್ತಿಯಿಲ್ಲ. ಪ್ರತಿಯೊಂದು ಮಳೆಗಾಲದಲ್ಲಿ ಮರವು ಉಬ್ಬಿ, ಪ್ರತಿಯೊಂದು ಬೇಸಗೆಯಲ್ಲಿ ಕುಗ್ಗಿ, ಮೆತ್ತಿಗೆಯು ಪುಡಿಯಾಗಿ ಉದುರುವುದು. ಕೆಲವು ವರ್ಷಗಳ ಮೇಲೆ ಕದವು ಹೊಸ್ತಿಲಿಗೆ ತಾಗತೊಡಗುವುದು. ಆಗ ಮನೆಯವರು ಮಳೆಯನ್ನು ಬಯ್ಯುವರು, ಕೀಲನ್ನು ಬಯ್ಯುವರು; ಬಡಗಿಯನ್ನು ನೆನೆಯುವವರು ಯಾರೂ ಇರರು. ಹಾನಿಯು ಇಲ್ಲವೆಂದಲ್ಲ, ಹಾನಿಗೂ ಅದರ ಕಾರಣಕ್ಕೂ ನಡುವೆ ಕಾಲವು ಬೆಳೆದು ನಿಂತಿದೆ, ಅಷ್ಟೆ.

ಆದರೂ ವಾದಿಯು ಬಿಡಲಾರನು. ಕದವು ಹಗುರವಾಗಿದೆ, ಮೂರು ಪಟ್ಟಿಗಳಲ್ಲಿ ಎರಡು ಗಟ್ಟಿಯಾಗಿವೆ, ಈ ಒಂದು ಬಿರುಕಿನಿಂದ ಕದವು ಎಂದೂ ಬಾಗದು ಎಂದು ಅವನು ಹೇಳಬಹುದು. ಇದು ಸಂಭವವೇ. ಹಾಗಾದರೆ ಹೊಟ್ಟು ಮೆತ್ತಿದ ಕೆಲಸವು ಶುದ್ಧವಾಯಿತೆ? ಇಲ್ಲಿ ಫಲದ ಲೆಕ್ಕವು ಮುಗಿಯುತ್ತದೆ, ಪ್ರಶ್ನೆಯು ಮಾತ್ರ ಮುಗಿಯುವುದಿಲ್ಲ. ಹೊಟ್ಟನ್ನು ಮೆತ್ತುವಾಗ ಆ ಬಡಗಿಯು ಒಮ್ಮೆ ಬಾಗಿಲ ಕಡೆಗೆ ತಿರುಗಿ ನೋಡಿದನಲ್ಲವೆ? ಆ ನೋಟವೇ ಸಾಕ್ಷಿ.

ಎರಡನೆಯ ಉತ್ತರವು ಭಕ್ತಿಯ ಮಾತಿನಂತೆ ಕೇಳಿಸುವಂಥದು: ಮನುಷ್ಯರು ನೋಡದಿದ್ದರೇನು, ದೇವರು ನೋಡುತ್ತಾನೆ. ಈ ಉತ್ತರವು ಸಾಧುವೆಂದು ಅನೇಕರು ತಿಳಿದಿದ್ದಾರೆ. ಮಕ್ಕಳಿಗೆ ಹೇಳಲು ಸಾಧುವೂ ಅಹುದು. ಆದರೆ ಶರಣರ ದೃಷ್ಟಿಯಲ್ಲಿ ಇದು ಅರ್ಧ ದಾರಿಗೇ ನಿಲ್ಲುತ್ತದೆ. ಮೇಲೆ ಕುಳಿತು ನೋಡುವ ದೇವರ ಭಯದಿಂದ ಸಂದನ್ನು ಸರಿಪಡಿಸುವ ಬಡಗಿಗೂ, ಒಡೆಯನ ಕಾವಲಿನ ಭಯದಿಂದ ದುಡಿಯುವ ಆಳಿಗೂ ಹೆಚ್ಚಿನ ಅಂತರವಿಲ್ಲ. ಕಾವಲುಗಾರನು ದೊಡ್ಡವನಾದನೆಂಬುದೊಂದೇ ವ್ಯತ್ಯಾಸ. ಬಸವಾದಿ ಶರಣರು ಲಿಂಗವನ್ನು ದೂರದ ಗುಡಿಯಲ್ಲಿ ಇಡದೆ ಕರಸ್ಥಲದಲ್ಲಿ ಇಟ್ಟರು. ಇದರ ಅಭಿಪ್ರಾಯವನ್ನು ಪೂಜಾವಿಧಿಯ ಸೌಕರ್ಯವೆಂದು ತಿಳಿಯುವುದು ಅಲ್ಪಮತಿ. ಉಳಿಯನ್ನು ಹಿಡಿಯುವ ಕೈಯೂ ಲಿಂಗವನ್ನು ಹಿಡಿಯುವ ಕೈಯೂ ಒಂದೇ ಆಗಿರುವಾಗ, ಕೆಲಸವನ್ನು ಹೊರಗಿನಿಂದ ನೋಡುವ ಸಾಕ್ಷಿಯೆಂಬ ಭಾವನೆಗೇ ಎಡೆಯಿಲ್ಲ. ಕೆಲಸವೇ ಅರ್ಪಣೆಯಾದ ಮೇಲೆ ಹೊಟ್ಟು ಮೆತ್ತಿದ ಸಂದು ಅರ್ಪಿತವಾಗುವುದೊ ಇಲ್ಲವೊ ಎಂಬುದೊಂದೇ ಉಳಿಯುವ ಪ್ರಶ್ನೆ.

ಆಯ್ದಕ್ಕಿಯ ಮಾರಯ್ಯನ ವೃತ್ತಾಂತವು ಎಲ್ಲರೂ ಬಲ್ಲದ್ದೇ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದು ಅವನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚಾಗಿ ಆಯ್ದು ತಂದಾಗ ಲಕ್ಕಮ್ಮನು ಆ ಹೆಚ್ಚಿನ ಅಕ್ಕಿಯನ್ನು ಹಿಂದಕ್ಕೆ ಚೆಲ್ಲಿ ಬರುವಂತೆ ಗಂಡನಿಗೆ ಹೇಳಿದಳು. ಈ ಕಥೆಯನ್ನು ದುರಾಶೆಯ ಖಂಡನೆಯೆಂದು ಮಾತ್ರ ಬೋಧಿಸುವ ವಾಡಿಕೆಯಿದೆ. ಆದರೆ ಲಕ್ಷ್ಯವಿಟ್ಟು ನೋಡಬೇಕಾದ ಅಂಶವು ಬೇರೆ. ಆ ಅಕ್ಕಿಯು ಕದ್ದುದಲ್ಲ, ನೆಲಕ್ಕೆ ಬಿದ್ದುದು. ಅದನ್ನು ಲೆಕ್ಕ ಇಟ್ಟವರಾರೂ ಇರಲಿಲ್ಲ. ಕೇಳಿ ಬರುವವರೂ ಇರಲಿಲ್ಲ. ಯಾರಿಗೂ ನಷ್ಟವಿಲ್ಲದ, ಯಾರಿಗೂ ಕಾಣದ ಒಂದು ಹಿಡಿಯನ್ನು ಲಕ್ಕಮ್ಮನು ಹೇಗೆ ಕಂಡಳು? ಅವಳು ಕಂಡುದು ಅಕ್ಕಿಯನ್ನಲ್ಲ. ಎಂದಿನ ಅಳತೆಯನ್ನು ಮೀರಿದ ಗಂಡನ ಕೈಯನ್ನು. ಬಡಗಿಯ ಹೊಟ್ಟಿನ ಮೆತ್ತಿಗೆಯೂ ಇಂಥದೇ ಒಂದು ಹಿಡಿ. ಗಟ್ಟಿಯಾದ ಕೂಟಕ್ಕೆಂದು ಬೆಲೆಯನ್ನು ತೆಗೆದುಕೊಂಡು ಕೂಟದಂತೆ ಕಾಣುವುದನ್ನು ಕೊಟ್ಟಾಗ, ಆ ಎರಡರ ನಡುವಣ ಅಂತರವು ಅವನ ಮನೆಗೆ ಹೆಚ್ಚಾಗಿ ಬಂದ ಅಕ್ಕಿ. ಸತ್ಯಶುದ್ಧ ಕಾಯಕವೆಂಬ ಮಾತಿನಲ್ಲಿ ಸತ್ಯವೂ ಶುದ್ಧಿಯೂ ಎರಡಾಗಿ ಬಂದಿರುವುದು ಅಲಂಕಾರಕ್ಕಲ್ಲ. ಕೊಡುವ ವಸ್ತುವಿನಲ್ಲಿ ಸತ್ಯವಿರಬೇಕು. ಪಡೆಯುವ ಹಣದಲ್ಲಿ ಶುದ್ಧಿಯಿರಬೇಕು. ಒಂದು ಕೆಟ್ಟರೆ ಇನ್ನೊಂದು ತಾನಾಗಿ ಕೆಡುತ್ತದೆ.

ಇಷ್ಟನ್ನು ಹೇಳಿ ಬಡಗಿಯ ತಲೆಯ ಮೇಲೆ ಭಾರವನ್ನೆಲ್ಲ ಹೊರಿಸಿ ಕೈತೊಳೆದುಕೊಳ್ಳುವುದು ಅನ್ಯಾಯ. ಮಠಗಳ ವೇದಿಕೆಗಳಲ್ಲಿಯೂ ಪುಸ್ತಕಗಳಲ್ಲಿಯೂ ಕಾಯಕತತ್ತ್ವವನ್ನು ದುಡಿಯುವವರಿಗೆ ಬೋಧಿಸುವುದು ಬಹಳ. ದುಡಿಸಿಕೊಳ್ಳುವವರಿಗೆ ಬೋಧಿಸುವುದು ವಿರಳ. ಕದವನ್ನು ಮಾಡಿಸುವ ಗೃಹಸ್ಥನು ಬೆಲೆಯನ್ನು ಕಟ್ಟುವುದು ಹೇಗೆ? ಹೊರಗಿನ ಹೊಳಪನ್ನು ಬೆರಳಿನಿಂದ ಸವರಿ ನೋಡುತ್ತಾನೆ. ಕೆತ್ತನೆಯ ಹೂವನ್ನು ಎಣಿಸುತ್ತಾನೆ. ಪಕ್ಕದ ಬೀದಿಯಲ್ಲಿ ಇಷ್ಟಕ್ಕೇ ಸಿಗುವುದೆಂದು ಹೇಳಿ ಕೂಲಿಯನ್ನು ಇಳಿಸುತ್ತಾನೆ. ಸಂದಿನ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತೆಂದು ಅವನು ಕೇಳುವುದಿಲ್ಲ; ಕೇಳಿದರೂ ಅದಕ್ಕೆ ಕೊಡುವುದಿಲ್ಲ. ಮನೆಯಲ್ಲಿ ಮಕ್ಕಳು ಹಸಿದಿರುವ ಬಡಗಿಯು ಬೆಲೆ ಬರುವ ಹೊಳಪಿಗೆ ಹೊತ್ತನ್ನು ಕೊಟ್ಟು, ಬೆಲೆ ಬಾರದ ಸಂದಿನಿಂದ ಹೊತ್ತನ್ನು ಕದಿಯುವುದನ್ನು ಕಲಿಯುತ್ತಾನೆ. ಆ ಕಳವಿನಲ್ಲಿ ಗೃಹಸ್ಥನ ಪಾಲು ಇಲ್ಲವೆ? ಕಾಣುವುದಕ್ಕೆ ಮಾತ್ರ ಬೆಲೆ ಕಟ್ಟುವವನು ಕಾಣದುದು ಹಾಳಾಗಲೆಂದು ಹೇಳದೆಯೇ ಹೇಳಿದ್ದಾನೆ. ಶರಣರು ಕಾಯಕದಿಂದ ಯಾರನ್ನೂ ಹೊರಗೆ ಬಿಡಲಿಲ್ಲ. ಕೊಳ್ಳುವುದೂ ಒಂದು ಕಾಯಕವೆಂದು ತಿಳಿದರೆ ಅದರಲ್ಲಿಯೂ ಸತ್ಯಶುದ್ಧಿಯ ವಿಚಾರವು ಬಂದೇ ಬರುವುದು. ಆದರೆ ಇದರಿಂದ ಬಡಗಿಯ ತಪ್ಪು ಇಲ್ಲವಾಗುವುದಿಲ್ಲ. ತಪ್ಪು ಇಬ್ಬರಲ್ಲಿ ಹಂಚಿಹೋದಾಗ ಒಬ್ಬೊಬ್ಬರ ಪಾಲಿಗೆ ಅರ್ಧವಾಗುತ್ತದೆಂಬುದು ವ್ಯಾಪಾರದ ಗಣಿತ. ನೀತಿಯಲ್ಲಿ ಇಬ್ಬರಿಗೂ ಪೂರ್ತಿಯೇ.

ಇನ್ನು ಯಂತ್ರದ ಮಾತು. ಕೈಹತಾರದ ಕೆಲಸವನ್ನು ಹೊಗಳುವವರಲ್ಲಿ ಕೆಲವರು ಯಂತ್ರವನ್ನೂ ಕಬ್ಬಿಣದ ಮೊಳೆಯನ್ನೂ ಹಳಿಯುವುದುಂಟು. ಇದಕ್ಕೆ ಆಧಾರವಿಲ್ಲ. ಪದರ ಹಲಗೆಯ ಪೆಟ್ಟಿಗೆಗೆ ನಾಲಗೆಯ ಕೂಟಕ್ಕಿಂತ ತಿರುಪುಮೊಳೆಯೇ ಯೋಗ್ಯವಾದ ಕಡೆಗಳುಂಟು. ಯಂತ್ರದಿಂದ ಕೊರೆದ ತೂತು ಸರಿಯಾಗಿದ್ದರೆ ಅದು ಸರಿಯಾದ ತೂತೇ. ಖಂಡಿಸಬೇಕಾದುದು ಬೇರೊಂದು. ಒಳಗೆ ನಾಲಗೆಯೂ ಇಲ್ಲದೆ ರಂಧ್ರವೂ ಇಲ್ಲದೆ, ಹಳೆಯ ಕಾಲದ ಕೆಲಸವೆಂದು ತೋರಲು ಮರದ ಮೊಳೆಯ ತಲೆಯಂಥ ಬಿಲ್ಲೆಯನ್ನು ಹೊರಗೆ ಅಂಟಿಸುವ ಪದ್ಧತಿಯಿದೆ. ಕಬ್ಬಿಣದ ಮೊಳೆಯು ತಾನು ಕಬ್ಬಿಣವೆಂದೇ ಹೇಳುತ್ತದೆ. ಆ ಬಿಲ್ಲೆಯು ಇಲ್ಲದ ಅಂತರಂಗವನ್ನು ಬಹಿರಂಗದಲ್ಲಿ ನಟಿಸುತ್ತದೆ. ವಿಭೂತಿಯನ್ನು ಧರಿಸಿ ನಡತೆಯಲ್ಲಿ ಬರಿದಾದವರನ್ನು ಕುರಿತು ಶರಣರು ನುಡಿದ ನಿಷ್ಠುರವು ಯಾವ ರೋಗಕ್ಕೆ ಮದ್ದಾಗಿತ್ತೊ ಅದೇ ರೋಗವು ಇಲ್ಲಿ ಮರದಲ್ಲಿ ಕಾಣಿಸಿಕೊಂಡಿದೆ.

ಹಾಗೆಂದು ಕೈಕೆಲಸಗಾರನ ದಾರಿಯಲ್ಲಿ ಅಪಾಯವಿಲ್ಲವೆಂದಲ್ಲ. ಹೊಟ್ಟು ಮೆತ್ತುವವನ ತಪ್ಪು ಸುಲಭವಾಗಿ ತಿಳಿಯುವುದು. ಕೂದಲೆಳೆಯೂ ಹೋಗದ ಸಂದನ್ನು ಮಾಡಿ ಅದನ್ನೇ ಧ್ಯಾನಿಸುವವನ ತಪ್ಪು ತಿಳಿಯುವುದು ಕಷ್ಟ. ಕೌಶಲದ ಅಹಂಕಾರವು ಭಕ್ತಿಯ ವೇಷದಲ್ಲಿ ಬರುತ್ತದೆ. ಕಾಣದ ಸಂದನ್ನು ಪರಿಪೂರ್ಣವಾಗಿ ಮಾಡಿದೆನೆಂದು ಬಂದವರಿಗೆಲ್ಲ ಹೇಳುವ ಬಡಗಿಯು ಅದನ್ನು ಕಾಣುವ ಸಂದನ್ನಾಗಿ ಮಾಡಿಬಿಟ್ಟನು. ನುಲಿಯ ಚಂದಯ್ಯನು ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದರೂ ಕಾಯಕವನ್ನು ಬಿಡದೆ ನಡೆದನೆಂಬ ಕಥೆಯನ್ನು ಕೆಲವರು ಕಾಯಕವು ಲಿಂಗಕ್ಕಿಂತ ದೊಡ್ಡದೆಂಬುದಕ್ಕೆ ದೃಷ್ಟಾಂತವಾಗಿ ಹೇಳುವರು. ಅಷ್ಟಕ್ಕೇ ನಿಲ್ಲಿಸಿದರೆ ಅದು ಅಪಾಯದ ಅರ್ಥ. ಚಂದಯ್ಯನು ಹುಲ್ಲನ್ನಾಗಲಿ ಹಗ್ಗವನ್ನಾಗಲಿ ಪೂಜಿಸಲಿಲ್ಲ. ಹಗ್ಗವು ಜಂಗಮದಾಸೋಹಕ್ಕೆ ಬೇಕಾಗಿತ್ತು. ಹಾಗೆಯೇ ಸಂದು ಕದಕ್ಕಾಗಿ, ಕದವು ಮನೆಗಾಗಿ, ಮನೆಯು ಬಂದವರಿಗೆ ನೆರಳಾಗುವುದಕ್ಕಾಗಿ. ಸಂದಿನ ಸೊಗಸಿಗಾಗಿ ಮನೆಯವರನ್ನು ಆರು ತಿಂಗಳು ಬಾಗಿಲಿಲ್ಲದೆ ಕೂಡ್ರಿಸುವವನು ಕಾಯಕವನ್ನು ಮಾಡುತ್ತಿಲ್ಲ, ವಿನೋದವನ್ನು ಮಾಡುತ್ತಿದ್ದಾನೆ.

ಕೂಟದ ಈ ಚಿತ್ರವನ್ನು ಅಂಗಲಿಂಗ ಸಾಮರಸ್ಯಕ್ಕೆ ಹೋಲಿಸುವ ಆಸೆಯು ಸಹಜವಾಗಿ ಹುಟ್ಟುತ್ತದೆ. ಒಂದು ಮರವು ತನ್ನಲ್ಲಿ ಬರಿದುಮಾಡಿಕೊಂಡಿತು, ಇನ್ನೊಂದು ತನ್ನ ಇಕ್ಕೆಲವನ್ನು ಕಳೆದುಕೊಂಡಿತು, ಎರಡೂ ಒಂದಾದುವು ಎಂದು ಹೇಳಿದರೆ ಕೇಳುವುದಕ್ಕೆ ಇಂಪಾಗಿರುತ್ತದೆ. ಆದರೆ ಹೋಲಿಕೆಯನ್ನು ಬಲ್ಲಷ್ಟೇ ದೂರ ಎಳೆಯಬೇಕು. ಕೂಡಿದ ಮೇಲೆಯೂ ಆ ಎರಡು ಮರಗಳ ಎಳೆಗಳು ಬೇರೆ ಬೇರೆ ದಿಕ್ಕಿನಲ್ಲಿಯೇ ಹರಿಯುತ್ತವೆ. ಮೊಳೆಯನ್ನು ತೆಗೆದರೆ ಎರಡೂ ಬಿಡಿಯಾಗುತ್ತವೆ. ಐಕ್ಯದಲ್ಲಿ ಹೀಗೆ ಬಿಡಿಸಿಕೊಳ್ಳುವ ಮಾತಿಲ್ಲ. ಬಡಗಿಯ ಕೂಟವು ಐಕ್ಯಕ್ಕಿಂತಲೂ ಶರಣರ ಪರಸ್ಪರ ಸಂಗಕ್ಕೆ ಹೆಚ್ಚು ಹತ್ತಿರವಾದುದು. ಚೌಕಟ್ಟಿನ ಹರಿಯೊಳಗೆ ಕೂಡಿಸುವ ಹಲಗೆಗೆ ಅಂಟನ್ನು ಹಚ್ಚಬಾರದೆಂಬುದು ಬಲ್ಲ ಬಡಗಿಗಳ ನಿಯಮ. ಹಚ್ಚಿದರೆ ಮರವು ಕುಗ್ಗುವ ಕಾಲದಲ್ಲಿ ಹಲಗೆಯು ನಡುವೆ ಸೀಳುತ್ತದೆ. ಹಿಡಿಯಬೇಕಾದುದನ್ನು ಹಿಡಿದು, ಅಲುಗಾಡಬೇಕಾದುದಕ್ಕೆ ಎಡೆಗೊಡುವುದು ಸತ್ಸಂಗದ ಲಕ್ಷಣವೂ ಹೌದು.

ಕಾಣದ ಸಂದು ಎಂದೆಂದಿಗೂ ಕಾಣದೆಂಬುದೂ ಪೂರ್ತಿ ನಿಜವಲ್ಲ. ಜಪಾನಿನ ನಾರಾ ನಗರದ ಸಮೀಪದಲ್ಲಿ ಹೋರ್ಯೂಜಿ ಎಂಬ ಬೌದ್ಧ ವಿಹಾರವಿದೆ. ಅಲ್ಲಿಯ ಐದು ಅಂತಸ್ತಿನ ಗೋಪುರವು ಜಗತ್ತಿನಲ್ಲಿ ಉಳಿದಿರುವ ಅತ್ಯಂತ ಹಳೆಯ ಮರದ ಕಟ್ಟಡಗಳಲ್ಲಿ ಒಂದು. ಅದರ ನಡುಗಂಬದ ಮರವನ್ನು ಕ್ರಿ.ಶ. 594ರಲ್ಲಿ ಕಡಿದುದೆಂದು ಮರದ ಉಂಗುರಗಳ ಲೆಕ್ಕದಿಂದ ತಿಳಿದುಬಂದಿದೆ. 1934ರಲ್ಲಿ ಆರಂಭವಾದ ಜೀರ್ಣೋದ್ಧಾರದಲ್ಲಿ ಆ ವಿಹಾರದ ಕಟ್ಟಡಗಳನ್ನು ಬಿಚ್ಚಿ ಮತ್ತೆ ಕೂಡಿಸಿದರು. ಆ ಕಾರ್ಯದಲ್ಲಿ ದುಡಿದ ನಿಶಿಯೋಕಾ ತ್ಸುನೆಕಾಜು ಎಂಬ ದೇವಾಲಯದ ಬಡಗಿಯು 1908ರಿಂದ 1995ರವರೆಗೆ ಬಾಳಿದವನು. ಸಾವಿರದ ಮುನ್ನೂರು ವರ್ಷಗಳ ಹಿಂದೆ ಹೆಸರಿಲ್ಲದ ಕೈಯೊಂದು ಕಡಿದು ಮುಚ್ಚಿದ ಸಂದನ್ನು ಇಪ್ಪತ್ತನೆಯ ಶತಮಾನದ ಕೈಯೊಂದು ತೆರೆದು ಓದಿತು. ಬಿಚ್ಚಲು ಸಾಧ್ಯವಾದುದೂ ಅವು ಸಂದುಗಳಾಗಿದ್ದುದರಿಂದಲೇ.

ಇದಕ್ಕಿಂತಲೂ ಹಳೆಯ ಸಾಕ್ಷಿಯೊಂದಿದೆ. ಜರ್ಮನಿಯ ಪೂರ್ವಭಾಗದಲ್ಲಿ, ಲೈಪ್‌ಜಿಗ್ ನಗರದ ಸುತ್ತಣ ಪ್ರದೇಶದಲ್ಲಿ, ಕ್ರಿ.ಪೂ. 5000ಕ್ಕೂ ಹಿಂದಿನ ಬಾವಿಗಳು ದೊರೆತಿವೆ. ಅವುಗಳ ಒಳಗಟ್ಟನ್ನು ಓಕ್ ಮರದಿಂದ ಕೂಡಿಸಿದ್ದಾರೆ. 2012ರಲ್ಲಿ ವಿದ್ವಾಂಸರು ಪ್ರಕಟಿಸಿದ ವಿವರಗಳಂತೆ, ಬುಡದ ತೊಲೆಗಳಲ್ಲಿ ನಾಲಗೆ ತೂತುಗಳ ಕೂಟವೂ ಅದನ್ನು ಬಿಗಿಯುವ ಬೆಣೆಯೂ ಇವೆ. ಲೋಹದ ಹತಾರವು ಆ ನಾಡಿಗೆ ಇನ್ನೂ ಬಾರದಿದ್ದ ಕಾಲವದು; ಆ ಜನರ ಕೈಯಲ್ಲಿದ್ದುದು ಕಲ್ಲಿನ ಬಾಚಿ. ಬಾವಿಯ ತಳದ ಸಂದೆಂದರೆ ಮಣ್ಣೂ ನೀರೂ ಮುಚ್ಚುವ ಸಂದು. ಮಾಡಿದವನೂ ಅದನ್ನು ಮತ್ತೆ ನೋಡಲಾರನು. ಗಾಳಿ ಸೋಂಕದ ಆ ಕೆಸರಿನಲ್ಲಿಯೇ ಮರವು ಏಳು ಸಾವಿರ ವರ್ಷ ಕೊಳೆಯದೆ ಉಳಿಯಿತು. ಇಂಥ ದೃಷ್ಟಾಂತಗಳನ್ನು ಕೇಳಿ, ಹೇಗೂ ಒಂದು ದಿನ ಕಾಣುವುದೆಂದು ಒಳ್ಳೆಯ ಕೆಲಸಮಾಡುವವನಿದ್ದರೆ ಅವನು ಮತ್ತೆ ಕಾವಲುಗಾರನನ್ನೇ ಹುಡುಕುತ್ತಿದ್ದಾನೆ. ಬಾವಿಯ ತಳದಲ್ಲಿ ಬೆಣೆಯನ್ನು ಹೊಡೆದವನು ಏಳು ಸಾವಿರ ವರ್ಷಗಳನ್ನು ಎಣಿಸಿರಲಾರನು. ಅವನಿಗೆ ಬೇಕಾಗಿದ್ದುದು ತನ್ನವರಿಗೆ ಕುಡಿಯುವ ನೀರು.

ಸಂಜೆಯ ಮಬ್ಬಿನಲ್ಲಿ ಹೆಗಲನ್ನು ತಪ್ಪಿ ಕೊಯ್ದ ಬಡಗಿಯ ಬಳಿಗೆ ಮರಳಬೇಕು. ತಪ್ಪು ಕೊಯ್ತವು ದೋಷವೇ ಹೊರತು ಪಾಪವಲ್ಲ. ಗೀರನ್ನು ದಾಟದ ಗರಗಸವು ಯಾವ ಬಡಗಿಯ ಮನೆಯಲ್ಲಿಯೂ ಇಲ್ಲ. ಎಲ್ಲ ದುರಸ್ತಿಯೂ ವಂಚನೆಯಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ನಾಲಗೆಯು ತೆಳುವಾಗಿದ್ದರೆ ಅದೇ ಜಾತಿಯ ಮರದ ತೆಳು ಪಟ್ಟಿಯನ್ನು ಎಳೆಗೆ ಎಳೆ ಸರಿಯಾಗಿ ಕೂಡಿಸಿ ಅಂಟಿಸಿ, ಮತ್ತೆ ಅಳತೆಗೆ ಕೆತ್ತಿದರೆ ಅದು ಗಟ್ಟಿಯಾದ ನಾಲಗೆಯೇ. ಅದರಲ್ಲಿ ಮರೆಮಾಚಿದುದು ಏನೂ ಇಲ್ಲ. ಹೆಗಲಿನ ಬಿರುಕಿಗೆ ಅಂಥ ಉಪಾಯವಿಲ್ಲ. ಅಲ್ಲಿ ಮರವನ್ನು ಮತ್ತೆ ಕೊಯ್ಯಬೇಕು, ಇಲ್ಲವೆ ಸುಳ್ಳನ್ನು ಮೆತ್ತಬೇಕು.

ಅವನು ಬೆಳಿಗ್ಗೆ ಬೆಳಕು ಬಂದ ಮೇಲೆ ಮನೆಯ ಯಜಮಾನನನ್ನು ಕರೆದು, ಕದವು ಒಂದು ಗೀರಿನಷ್ಟು ಕಿರಿದಾಗುವುದೆಂದೂ ಕೆಲಸವು ಒಂದು ದಿನ ತಡವಾಗುವುದೆಂದೂ ಹೇಳುತ್ತಾನೆ. ಯಜಮಾನನು ಆ ದಿನದ ಕೂಲಿಯನ್ನು ಕೊಡುವನೊ ಇಲ್ಲವೊ ತಿಳಿಯದು. ಬಡಗಿಯು ಉಳಿಯನ್ನು ಸಾಣೆಗೆ ಹಿಡಿದು, ಮೂರು ಅಡ್ಡಪಟ್ಟಿಗಳನ್ನೂ ಸಾಲಾಗಿ ಇಟ್ಟು, ಗುರುತು ಹಾಕಿದ ಮುಖದಿಂದ ಅಳತೆಯನ್ನು ಮೊದಲಿನಿಂದ ತೆಗೆಯತೊಡಗುತ್ತಾನೆ.